ಮಧ್ಯಾಹ್ನ ಬಿಟ್ಟ ಮೀನು

ಆ ಬೇಸಿಗೆ ದಕ್ಷಿಣ ಅಮೆರಿಕದ ಪರಾನಾ ನದಿಯ ನೀರು ಇಳಿಯುತ್ತಲೇ ಹೋಯಿತು. ಉತ್ತರದ ಬಿಸಿಗಾಳಿ ಬಿಡದೆ ಬೀಸುತ್ತಿತ್ತು. ಇತಾತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಿಂದಿನ ಸಂಜೆ ದಡದ ಜೊಂಡಿನಲ್ಲಿ ದೊಡ್ಡದೊಂದು ದೊರಾದೊ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದುದನ್ನು ಅವಳು ಕಂಡಿದ್ದಳು. ಚಿನ್ನದ ಬಣ್ಣದ ಮೈ ಮಂಕಾಗಿತ್ತು. ದವಡೆಯ ಮೂಲೆಯಲ್ಲಿ ಗಾಳ ಚುಚ್ಚಿದ ಸಣ್ಣ ತೂತು. ಯಾರೋ ಹಿಡಿದು ಬಿಟ್ಟ ಮೀನು.

ಬಿಟ್ಟ ಮೀನು ಬದುಕುತ್ತದೆ ಎಂಬ ನಂಬಿಕೆಯ ಮೇಲೆಯೇ ಅವಳ ಕಸುಬು ನಿಂತಿತ್ತು. ಮೋಜಿಗೆ ಮೀನು ಹಿಡಿಯಲು ದೂರದಿಂದ ಬಂದವರನ್ನು ದೋಣಿಯಲ್ಲಿ ಕರೆದೊಯ್ಯುವುದು, ಮರಿಮೀನಿನಂತೆ ಕಾಣಲು ಗರಿ ಕೂದಲು ಕಟ್ಟಿದ ಗಾಳವನ್ನು ಬೀಸಲು ಕಲಿಸುವುದು, ಸಿಕ್ಕ ಮೀನನ್ನು ನೀರಿನಿಂದ ಎತ್ತದೆಯೇ ಬಿಡಿಸಿ ಕಳಿಸುವುದು. ಬಿಡಿಸುವಾಗ ಬಾಯಿ ಹರಿಯದಿರಲೆಂದು ಗಾಳದ ಹಿಮ್ಮುಳ್ಳನ್ನೂ ಇಕ್ಕಳದಿಂದ ಒತ್ತಿ ಮಟ್ಟಮಾಡುತ್ತಿದ್ದಳು. ದೊರಾದೊವನ್ನು ಕೊಲ್ಲಬಾರದೆಂಬ ಕಾನೂನು ಬಂದ ಮೇಲೆ ಅವಳ ಅಪ್ಪ ಸೆನೋನ್ ಬಲೆಗಳನ್ನು ಕೊಟ್ಟಿಗೆಯ ತೊಲೆಗೆ ನೇತುಹಾಕಿ, ಮಗಳ ಕೆಲಸವನ್ನು ಗೇಲಿ ಮಾಡುತ್ತಾ ದಿನ ಕಳೆಯುತ್ತಿದ್ದ.

"ಅದು ನಾನೇ ಬಿಟ್ಟ ಮೀನಿರ್ಬೋದು ಅಪ್ಪಾ."

"ಇರ್ಬೋದು. ಲಿಸಾಂದ್ರೊ ಬಿಟ್ಟಿದ್ದೂ ಇರ್ಬೋದು. ಮೀನೇನು ಹೆಸ್ರು ಬರ್ಕೊಂಡು ಸಾಯುತ್ತಾ?"

ಲಿಸಾಂದ್ರೊ ಅವಳ ಚಿಕ್ಕಮ್ಮನ ಮಗ. ಅವನದೂ ಇದೇ ಕಸುಬು. ಇಷ್ಟು ಬಿಸಿ ನೀರಿನಲ್ಲಿ ದಣಿದ ಮೀನಿಗೆ ಉಸಿರು ಸಿಗಲಿಕ್ಕಿಲ್ಲ, ಮಧ್ಯಾಹ್ನ ಹಿಡಿಯುವುದು ಬೇಡ ಎಂದು ಇತಾತಿ ಹೇಳಿದ ದಿನದಿಂದ ಅವನೂ ಉಳಿದ ದೋಣಿಯವರೂ ಅವಳೊಡನೆ ಸರಿಯಾಗಿ ಮಾತಾಡುತ್ತಿರಲಿಲ್ಲ.

"ಅಪ್ಪಾ, ನಿನ್ನ ಬಲೆ ಬೇಕು."

"ಅಬ್ಬಾ! ಕೊನೆಗೂ ಬುದ್ಧಿ ಬಂತಾ? ಒಲೆ ಹಚ್ಲಾ?"

"ಬಿಟ್ಟ ಮೀನನ್ನ ಅದರೊಳಗೆ ಇಟ್ಟು ನೋಡ್ಬೇಕು. ಬದುಕ್ತವಾ ಇಲ್ವಾ ಅಂತ."

ಸೆನೋನ್ ತೆರೆರೆ ಎಂಬ ತಣ್ಣನೆಯ ಎಲೆಕಷಾಯದ ಲೋಟ ಕೆಳಗಿಟ್ಟ. ಗೇಲಿ ನಿಂತಿತು. "ದೊಡ್ಡ ಕಣ್ಣಿನ ಬಲೆ ಬೇಡ, ಕಿವಿರು ಸಿಕ್ಕಾಕ್ಕೊಳುತ್ತೆ. ಸಣ್ಣ ಕಣ್ಣಿಂದು ತರ್ತೀನಿ, ನಡಿ."

ನಡುಗಡ್ಡೆಯ ಪಕ್ಕ, ನೀರು ಹರಿಯುವ ಕಡೆ, ಗೂಟ ನೆಟ್ಟು ಬಲೆ ಕಟ್ಟಿದರು. ನಡುವೆ ಇನ್ನೊಂದು ಬಲೆ ಇಳಿಬಿಟ್ಟು ಎರಡು ಕೋಣೆ ಮಾಡಿದರು. ಮರುದಿನ ಬಿಸಿಲೇರುವ ಮೊದಲೇ ಹಿಡಿದ ಎರಡು ದೊರಾದೊಗಳನ್ನು ಒಂದು ಕೋಣೆಯಲ್ಲಿ ಬಿಟ್ಟರು. ಮಧ್ಯಾಹ್ನ ಇತಾತಿ ಮತ್ತೆ ಗಾಳ ಬೀಸಿದಳು. ಸಿಗದಿರಲಿ ಎಂದೇ ಬೀಸಿದಳು. ಸಿಕ್ಕಿತು. ಅದು ಒಮ್ಮೆ ನೀರಿನಿಂದ ಮೇಲಕ್ಕೆ ನೆಗೆದು ತಲೆ ಕೊಡವಿತು. ಬೇಗ ಎಳೆದು, ನೀರಿನಲ್ಲೇ ಗಾಳ ಬಿಡಿಸಿ ಇನ್ನೊಂದು ಕೋಣೆಗೆ ಬಿಟ್ಟಳು. ಬಾಲ ಬಡಿದು ಸರ್ರನೆ ಹೋಯಿತು.

"ನೋಡು, ನಿನಗಿಂತ ಚೆನ್ನಾಗಿದೆ," ಎಂದ ಸೆನೋನ್.

ಅವಳಿಗೆ ಸಮಾಧಾನವಾಗಲಿಲ್ಲ. ದಡದ ಮೇಲೆ ಅತ್ತಿಂದಿತ್ತ ನಡೆದಳು. ತಂದಿದ್ದ ಚಿಪಾ ರೊಟ್ಟಿಯನ್ನು ಚೂರು ಮಾಡಿದಳೇ ಹೊರತು ತಿನ್ನಲಿಲ್ಲ. ಕಚ್ಚುವ ಪಲೊಮೆತಾ ಮೀನುಗಳು ಬಲೆಯ ಹತ್ತಿರ ಸುಳಿದಾಗ ಸೆನೋನ್ ದೋಣಿಯ ಹುಟ್ಟಿನಿಂದ ನೀರು ಬಡಿದು ಓಡಿಸಿದ. "ಕೂತ್ಕೊಳ್ಳೇ, ನಿನ್ನ ನೋಡಿ ನಂಗೇ ತಲೆ ಸುತ್ತುತ್ತೆ."

ಹೊತ್ತು ಇಳಿಯುವಾಗ ಮಧ್ಯಾಹ್ನದ ಮೀನು ಒಂದು ಬದಿಗೆ ವಾಲಿತು. ಇತಾತಿ ಬಟ್ಟೆಯಲ್ಲೇ ನೀರಿಗಿಳಿದು, ಬಾಲದ ಬುಡ ಹಿಡಿದು, ಬಾಯಿಯನ್ನು ಹರಿವಿಗೆ ಎದುರಾಗಿ ನಿಲ್ಲಿಸಿದಳು. ಕಿವಿರು ಒಮ್ಮೆ ತೆರೆಯಿತು. ಮತ್ತೆ ಬಹಳ ಹೊತ್ತಿಗೆ ಇನ್ನೊಮ್ಮೆ. ಆಮೇಲೆ ತೆರೆಯಲಿಲ್ಲ.

"ನಾನು ಕೊಂದಿದ್ದಕ್ಕೆ ಲೆಕ್ಕ ಇಲ್ಲ ಮಗಳೇ," ಎಂದ ಸೆನೋನ್. "ಆದ್ರೆ ಪಕ್ಕದಲ್ಲಿ ಕೂತು ಒಂದು ಸಾಯೋದನ್ನ ಯಾವತ್ತೂ ನೋಡಿರ್ಲಿಲ್ಲ."

ಸುದ್ದಿ ಕೇಳಿ ಲಿಸಾಂದ್ರೊ ನಕ್ಕ. "ಅಕ್ಕಾ, ಕೊಂದಿದ್ದು ದೊಡ್ಡಪ್ಪನ ಬಲೆ. ಹಳೇ ಚಾಳಿ, ಬಲೆ ಮರೆತಿಲ್ಲ."

"ಬೆಳಗಿನವು ಅದೇ ಬಲೇಲಿ ಚೆನ್ನಾಗಿವೆ ಕಣೋ."

"ಒಂದು ಸತ್ತಿದ್ದಕ್ಕೆ ನದೀನೇ ಮುಚ್ಚೋದಾ?"

"ಬೇಡ. ನಾಳೆ ಮಧ್ಯಾಹ್ನ ನೀನೇ ಹಿಡಿದು ತಂದು ಹಾಕು."

ಅವಳ ಬಾಯಿ ಮುಚ್ಚಿಸಲೆಂದೇ ಅವನು ತಂದ. ಮೀನನ್ನು ಮಗುವಿನಂತೆ ಜತನವಾಗಿ ಬಲೆಯೊಳಗೆ ಬಿಟ್ಟ. "ಇದಕ್ಕೇನಾದ್ರೂ ಆದ್ರೆ ನನ್ನ ಹೆಸ್ರು ಬದಲಾಯ್ಸು," ಎಂದು ದಡದಲ್ಲಿ ಕಾಲು ಚಾಚಿದ. ಸ್ವಲ್ಪ ಹೊತ್ತಿಗೆ ಎದ್ದು ಬಗ್ಗಿ ನೋಡಿದ. ಕೂತ. ಮತ್ತೆ ಎದ್ದ. ಸೆನೋನ್ ಕೊಟ್ಟ ಲೋಟವನ್ನು ಹೀರದೆ ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದ. ಮೀನು ವಾಲತೊಡಗಿದಾಗ ಇತಾತಿಗಿಂತ ಮೊದಲು ಅವನೇ ನೀರಿಗೆ ಹಾರಿದ.

"ಉಸಿರಾಡೇ, ಉಸಿರಾಡು, ನಿನ್ನ ದಮ್ಮಯ್ಯ," ಎಂದು ಬೇಡಿಕೊಂಡ. ಉಪಯೋಗವಾಗಲಿಲ್ಲ. ಒದ್ದೆ ಟೋಪಿಯನ್ನು ಹಿಂಡುತ್ತಾ, ಯಾರ ಮುಖವನ್ನೂ ನೋಡದೆ, ದೋಣಿ ಹತ್ತಿ ಹೋದ.

ಮರುದಿನ ಬೆಳಕು ಹರಿಯುವ ಹೊತ್ತಿಗೇ ಅವನ ದೋಣಿ ಹೊರಟಿತು. ಬಿಸಿಲೇರುವಷ್ಟರಲ್ಲಿ, ಗೊಣಗುತ್ತಿದ್ದ ಅತಿಥಿಯೊಡನೆ ಅವನು ದಡ ಸೇರಿದ್ದ.

"ಏನಂತಾನೆ ನಿನ್ನ ಅತಿಥಿ?" ಎಂದು ಕೇಳಿದಳು ಇತಾತಿ.

"ಬೈತಾನೆ. ಬೈಲಿ ಬಿಡಕ್ಕ."

ಮಧ್ಯಾಹ್ನ ಹಿಡಿಯುವುದನ್ನು ನಿಲ್ಲಿಸಿದವರು ಅವರಿಬ್ಬರೇ. ಉಳಿದವರು ಎಂದಿನಂತೆ ಮಧ್ಯಾಹ್ನವೂ ಹೋದರು. ಇತಾತಿ ನಡುಗಡ್ಡೆಗೆ ಹೋಗಿ, ಅಪ್ಪನೊಡನೆ ಗೂಟ ಕಿತ್ತು ಬಲೆ ಸಡಿಲಿಸಿದಳು. ಬೆಳಗಿನ ಮೀನುಗಳಲ್ಲಿ ಒಂದು ಥಟ್ಟನೆ ಮಾಯವಾಯಿತು. ಇನ್ನೊಂದು ಅವಳ ಮೊಣಕಾಲಿನ ಪಕ್ಕದಲ್ಲೇ ತುಸು ನಿಂತು, ಆಳಕ್ಕೆ ಸರಿಯಿತು. ಸೆನೋನ್ ಬಲೆ ಸುತ್ತುತ್ತಾ ಏನೋ ತಮಾಷೆ ಮಾಡಿದ. ಅವಳಿಗೆ ಕೇಳಿಸಲಿಲ್ಲ. ನದಿಯ ತಿರುವಿನಾಚೆ, ಆ ಉರಿಬಿಸಿಲಿನಲ್ಲಿ, ಒಂದು ಮೋಟಾರು ದೋಣಿಯ ಸದ್ದು ಕೇಳಿಬರುತ್ತಿತ್ತು. ಅದು ಯಾರದಿರಬಹುದೆಂದು ಅವಳು ಸೊಂಟದುದ್ದ ನೀರಿನಲ್ಲಿ ಕಿವಿಗೊಟ್ಟು ನಿಂತಳು.