ತೋಯಿಯ ಪರವಾಗಿ ಸಾಕ್ಷಿ

ನನ್ನ ತಂಗಿ ತೋಯಿ ನಾರ್ವೆಯಿಂದ ನಮ್ಮ ಥಾಯ್ ಹಳ್ಳಿಗೆ ಬಂದಿಳಿದ ದಿನ ಊರಿಗೆ ಊರೇ ನಮ್ಮ ಅಂಗಳದಲ್ಲಿ ನೆರೆದಿತ್ತು. ನಾನು ಮನೆ ಮುಂದಿನ ನನ್ನ ಅಂಗಡಿಯಲ್ಲಿ ಕೂತು ಮಾರೋ ಕೋಸಂಬರಿಗೆ ಹಸಿ ಪಪ್ಪಾಯಿ ಕುಟ್ಟುತ್ತಿದ್ದೆ. ಅವತ್ತು ಯಾರಿಗೂ ಪಪ್ಪಾಯಿ ಬೇಕಿರಲಿಲ್ಲ, ತೋಯಿ ಬೇಕಿತ್ತು. ಆದರೂ ಕುಟ್ಟಿದೆ. ಪಕ್ಕದ ಮನೆಯ ಥೊಂಗ್ಸಿ ಬಂದು ನಿಂತು, "ಏನೇ ಜಿಯಬ್, ಪಪ್ಪಾಯಿ ಕುಟ್ತಿದ್ದೀಯೋ, ಯಾರನ್ನಾದ್ರೂ ನೆನೆಸ್ಕೊಂಡು ಕುಟ್ತಿದ್ದೀಯೋ?" ಎಂದಳು. ಅಂಗಳವೆಲ್ಲ ನಕ್ಕಿತು.

ಮುಚ್ಚಿಡುವುದೇನು, ನನಗೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ. ಅಮ್ಮ ನಾರ್ವೆಯ ಒಬ್ಬ ಪರಂಗಿಯವನನ್ನು ಮದುವೆಯಾಗಿ ಹೊರಟಾಗ ನನಗೆ ಹತ್ತು ವರ್ಷ, ತೋಯಿಗೆ ಐದು. "ದೊಡ್ಡವಳು ಇಲ್ಲೇ ಇರಲಿ, ಅಜ್ಜಿಗೆ ಆಸರೆ," ಎಂದಳು ಅಮ್ಮ. ಹತ್ತು ವರ್ಷದ ಮಗು ಯಾರಿಗೆ ಆಸರೆ? ಆಮೇಲೆ ಫೋಟೋಗಳು ಬಂದವು: ಹಿಮದಲ್ಲಿ ತೋಯಿ, ಕೆಂಪು ಟೋಪಿಯ ತೋಯಿ, ಶಾಲೆಯ ಮೆಟ್ಟಿಲ ಮೇಲೆ ತೋಯಿ. ಅಜ್ಜಿ ಅವನ್ನೆಲ್ಲ ಬುದ್ಧನ ಪೀಠದ ಪಕ್ಕದ ಗೋಡೆಗೆ ಅಂಟಿಸಿದಳು. ನಾನು ಆ ಗೋಡೆಯ ಧೂಳು ಹೊಡೆದೆ.

ಅಮ್ಮ ಅಲ್ಲೇ ತೀರಿಕೊಂಡಳು. ಈಗ ತೋಯಿಗೆ ಮತ್ತೆ ಥಾಯ್ ಆಗಬೇಕಂತೆ. ಹುಟ್ಟಿದ್ದು ಇಲ್ಲೇ, ಜನನ ಪತ್ರವೂ ಇದೆ. ಆದರೆ ಗುರುತಿನ ಚೀಟಿ ಮಾಡಿಸುವ ವಯಸ್ಸಿಗೆ ಮುಂಚೆಯೇ ಹೋದವಳು, ಮನೆಯ ದಾಖಲೆಯಿಂದ ಹೆಸರೂ ಹೋಗಿತ್ತು. ಆ ಪತ್ರದಲ್ಲಿರುವ ಮಗು ಇವಳೇ ಎಂದು ರಕ್ತಸಂಬಂಧಿಗಳು ತಾಲ್ಲೂಕು ಕಚೇರಿಯಲ್ಲಿ ಸಾಕ್ಷಿ ಹೇಳಬೇಕು. ರಕ್ತಸಂಬಂಧಿಗಳು ಅಂದರೆ ಅಜ್ಜಿ ಮತ್ತು ನಾನು.

ಬಂದ ಮರುದಿನ ಊರವರು ಅವಳಿಗೆ ಸ್ವಾಗತ ಮಾಡಿದರು. ಅಜ್ಜಿ ಅವಳ ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿ, ದೂರ ಹೋದವರ ಮೈಬಿಟ್ಟು ಅಲೆಯುವ ಜೀವಗಳೆಲ್ಲ ಮೈಗೆ ಮರಳಲಿ ಎಂದು ಹರಸಿದಳು. ನೂಲಿನ ಮೇಲೆ ನೂಲು, ಮೊಣಕೈವರೆಗೆ. ತೋಯಿ ಅತ್ತಳು. ಎಲ್ಲಿಗೂ ಹೋಗದವಳಿಗೆ ಯಾರು ನೂಲು ಕಟ್ಟುತ್ತಾರೆ? ನಾನು ಒಳಗೆ ಅಂಟಕ್ಕಿ ಬೇಯಿಸುತ್ತಿದ್ದೆ.

ಅವಳ ಮಾತು ಕೇಳಿದರಂತೂ ನನಗೆ ಮೈಯೆಲ್ಲ ಉರಿ. ಐದು ವರ್ಷಕ್ಕೆ ನಿಂತುಹೋದ ಭಾಷೆ ಅದು. ಮೂವತ್ತೈದು ದಾಟಿದ ಹೆಂಗಸು ಮಗುವಿನ ಹಾಗೆ, "ಅಕ್ಕ, ತಾಚಿ ಮಾಡ್ಬೇಕು," "ಅಕ್ಕ, ಮಮ್ಮು ಬೇಕು," ಎನ್ನುತ್ತಾಳೆ. ಊರವರಿಗೆ ಅದು ಮುದ್ದು. ಅದನ್ನೇ ನಾನು ಹೇಳಿದ್ದರೆ ತಲೆ ಕೆಟ್ಟಿದೆ ಅಂತಿದ್ದರು.

ಥೊಂಗ್ಸಿ ಒಂದು ಸಂಜೆ ಪಪ್ಪಾಯಿ ಕಟ್ಟಿಸಿಕೊಳ್ಳುತ್ತಾ ತಣ್ಣಗೆ ಹೇಳಿದಳು. "ಸಾಕ್ಷಿ ಹೇಳೋಕೆ ಮುಂಚೆ ಯೋಚ್ನೆ ಮಾಡೇ. ಪರಂಗಿಯವರ ಹೆಸರಿಗೆ ನೆಲ ಆಗಲ್ಲ. ಥಾಯ್ ಆದ್ರೆ ಆಗತ್ತೆ. ನಮ್ ಕಡೆ ಮನೆ ಯಾರಿಗೆ ಹೋಗೋದು?"

ಯಾರಿಗೆ ಹೋಗುವುದೆಂದು ನನಗೆ ಹೇಳಿಕೊಡಬೇಕೇ? ಮನೆ ಕಿರಿ ಮಗಳದ್ದು. ನಮ್ಮ ಕಡೆ ಅಜ್ಜಿಯ ಅಜ್ಜಿಯ ಕಾಲದಿಂದಲೂ ಹಾಗೇ. ಕಿರಿಯವಳು ಮನೆಯಲ್ಲೇ ಉಳಿದು ಹಿರಿಯರನ್ನು ನೋಡಿಕೊಳ್ಳುತ್ತಾಳೆ, ಮನೆ ಅವಳಿಗೆ. ಕಿರಿಯವಳು ಇಲ್ಲದ ಮನೆಯಲ್ಲಿ ನಾನೇ ಕಿರಿಯವಳ ಕೆಲಸ ಮಾಡಿದ್ದೆ. ಮದುವೆಯ ಮಾತು ಬಂದಾಗ ಅಜ್ಜಿಯನ್ನು ಬಿಟ್ಟು ಬರಲ್ಲ ಎಂದೆ, ಗಂಡಿನವರು ಹೊರಟುಹೋದರು. ಈ ಮನೆಯ ಚಾವಣಿಯ ಒಂದೊಂದು ತಗಡೂ ನನ್ನ ಪಪ್ಪಾಯಿಯಿಂದ ಬಂದದ್ದು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ನೇರವಾಗಿ ಕೇಳಿಬಿಟ್ಟೆ. "ನಿನಗೆ ಅಲ್ಲಿ ಏನು ಕಮ್ಮಿಯಾಗಿದೆ ಅಂತ ಬಂದೆ?"

ತೋಯಿ ಅನ್ನದ ಉಂಡೆ ಹಿಡಿದುಕೊಂಡೇ ಯೋಚಿಸಿದಳು. ಮಾತಿಗೆ ತಡಕಾಡುತ್ತಿದ್ದಳು. "ಅಲ್ಲಿ ಎಲ್ಲಾರೂ ಕೇಳ್ತಾರೆ, ನೀನು ಎಲ್ಲಿಯೋಳು ಅಂತ. ನಾನು ಈ ಊರು ಹೆಸರು ಹೇಳ್ತೀನಿ. ಇಲ್ಲಿ ಬಂದ್ರೆ ಪರಂಗಿ ಅಂತಾರೆ. ನಂಗೆ ಮನೆ ಬೇಕು, ಅಕ್ಕ."

ಮನೆ ಬೇಕಂತೆ! ನೋಡಿ, ಬಾಯಿಬಿಟ್ಟೇ ಹೇಳಿದಳು. ಯಾವ ಅರ್ಥದಲ್ಲಿ ಹೇಳಿದಳೋ ದೇವರೇ ಬಲ್ಲ, ನಾನು ತಟ್ಟೆ ಎತ್ತಿಕೊಂಡು ಎದ್ದೆ. ಸಾಕ್ಷಿಗೆ ಬರುತ್ತೇನೆ ಅಂತಲೂ ನಾನು ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ.

ಆದರೂ ಕಚೇರಿಗೆ ಹೋದೆ. ಅಜ್ಜಿಯನ್ನು ನನ್ನ ಹೊರತು ಯಾರೂ ವಾಹನ ಹತ್ತಿಸಲಾರರು, ಇಳಿಸಲಾರರು. ಬೆನ್ನಿಗೆ ಕೈ ಕೊಟ್ಟು ನಡೆಸಿಕೊಂಡು ಹೋಗುವಾಗ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಸುಳ್ಳು ಹೇಳುವುದು ಬೇಡ. 'ಮೂವತ್ತು ವರ್ಷವಾಯಿತು ಸ್ವಾಮಿ, ಮುಖ ಖಾತ್ರಿಯಿಲ್ಲ,' ಅಂದರೆ ಸಾಕು.

ಅಧಿಕಾರಿ ಚಿಕ್ಕ ಪ್ರಾಯದವನು, ಮರ್ಯಾದಸ್ಥ. ಅಜ್ಜಿಗೆ ಕೈ ಮುಗಿದು ಕುರ್ಚಿ ಹಾಕಿಸಿದ. ಅಜ್ಜಿ ನಡುವೆ, ಆಚೀಚೆ ನಾವಿಬ್ಬರು. "ಸಾಕ್ಷಿಗಳ ಮಾತು ಒಂದಕ್ಕೊಂದು ಕೂಡಿಬರ್ಬೇಕು. ಇಲ್ಲಾಂದ್ರೆ ಅರ್ಜಿ ಮುಂದಕ್ಕೆ ಹೋಗಲ್ಲ," ಎಂದು ಮೊದಲೇ ಹೇಳಿದ.

"ಅಜ್ಜೀ, ನಿಮ್ಮ ಕಿರಿ ಮೊಮ್ಮಗಳು ತೋಯಿ ಯಾರು, ತೋರಿಸ್ತೀರಾ?"

ಅಜ್ಜಿ ನಕ್ಕಳು. ಇದೂ ಒಂದು ಪ್ರಶ್ನೆಯಾ ಎನ್ನುವ ನಗು. ಹಾಗೇ ನನ್ನ ಕೈ ಹಿಡಿದುಕೊಂಡಳು.

"ಇವಳೇ ಅಲ್ವಾ, ನನ್ನ ತೋಯಿ."

ಅಧಿಕಾರಿಯ ಪೆನ್ನು ನಿಂತಿತು. "ಸರಿಯಾಗಿ ನೋಡಿ ಅಜ್ಜಿ."

"ನೋಡೋದೇನಪ್ಪಾ? ದಿನಾ ನೋಡ್ತೀನಿ. ನನಗೆ ತುತ್ತು ತಿನ್ನಿಸೋಳು ಇವಳೇ, ನನ್ನ ಬಟ್ಟೆ ಒಗೆಯೋಳು ಇವಳೇ. ಜ್ವರ ಬಂದಾಗ ಹೊತ್ಕೊಂಡು ಆಸ್ಪತ್ರೆಗೆ ಓಡಿದ್ಲು, ತೋಯಿ. ಇಂಥಾ ಮಗು ಯಾರಿಗಿದೆ ಹೇಳು?"

"ಹಾಗಾದ್ರೆ ಜಿಯಬ್ ಯಾರು?"

"ಜಿಯಬ್ ಅವರಮ್ಮನ ಜೊತೆ ಹೋದ್ಲು. ಹೋದೋಳು ಹೋದ್ಲು."

ಮನೆಯಲ್ಲಿ ಅಜ್ಜಿ ನನ್ನನ್ನು ಹೆಸರು ಹಿಡಿದು ಕರೆದು ಎಷ್ಟೋ ಕಾಲವಾಗಿತ್ತು. 'ಪುಟ್ಟಿ' ಅಂತಿದ್ದಳು. ವಯಸ್ಸಾಯಿತು, ಪ್ರೀತಿ ಹೆಚ್ಚಾಯಿತು ಅಂದುಕೊಂಡು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ತೋಯಿ ಬಂದ ಮೇಲೆ ಅವಳನ್ನೂ ಅಜ್ಜಿ ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ.

ಅಧಿಕಾರಿ ನನ್ನ ಕಡೆ ತಿರುಗಿದ. ನಾನು ಒಂದು ಮಾತೂ ಆಡಬೇಕಿರಲಿಲ್ಲ. ಅಜ್ಜಿಗೆ ವಯಸ್ಸು, ನನಗೆ ಖಾತ್ರಿಯಿಲ್ಲ, ಅರ್ಜಿ ಅಲ್ಲಿಗೆ ನಿಂತಿತು. ಮನೆ ನನ್ನದು, ನೆಲ ನನ್ನದು. ತೋಯಿ ವಿಮಾನ ಹತ್ತುತ್ತಾಳೆ. ಒಂದು ಗಳಿಗೆ, ಸುಳ್ಳೇಕೆ, ಬಾಯಿಗೆ ಬೆಲ್ಲ ಹಾಕಿಕೊಂಡ ಹಾಗಾಯಿತು.

ಆಮೇಲೆ ಅಜ್ಜಿಯ ಮಾತು ಪೂರ್ತಿ ಅರ್ಥವಾಯಿತು. ನಾನು ತಿನ್ನಿಸಿದ ತುತ್ತು ತೋಯಿ ತಿನ್ನಿಸಿದ್ದಂತೆ! ನಾನು ಹೊತ್ತು ಓಡಿದ್ದು ತೋಯಿಯಂತೆ! ಹಿಮ ಅವಳಿಗೆ, ಟೋಪಿ ಅವಳಿಗೆ, ಅಮ್ಮ ಅವಳಿಗೆ, ಈಗ ನನ್ನ ಇಡೀ ಆಯುಸ್ಸೂ ಅವಳ ಹೆಸರಿಗೆ! ಬಿಟ್ಟುಹೋದ ಕಲ್ಲೆದೆಯವಳು ನಾನಂತೆ!

"ನಾನು ತೋಯಿ ಅಲ್ಲ!" ನನ್ನ ಕೂಗಿಗೆ ಪಕ್ಕದ ಸಾಲಿನವರೆಲ್ಲ ತಿರುಗಿ ನೋಡಿದರು. "ನಾನು ಜಿಯಬ್! ಇಲ್ಲಿ ಉಳಿದೋಳು ನಾನು! ತೋಯಿ ಅವಳು, ಅಗೋ ಅಲ್ಲಿ ಕೂತಿದಾಳಲ್ಲ, ಅವಳು! ಬರ್ಕೊಳ್ಳಿ ಸ್ವಾಮಿ!"

"ಹೇಗೆ ಹೇಳ್ತೀರಿ ಅಕ್ಕಾ?"

"ಅಮ್ಮ ಅವಳನ್ನ ಎತ್ಕೊಂಡು ಬಸ್ ಹತ್ತೋವಾಗ ಅವಳ ಎಡಗಾಲಿನ ಚಪ್ಪಲಿ ಕೆಳಗೆ ಬಿತ್ತು. ನಾನೇ ಹಿಂದೆ ಓಡಿ ಹಾಕಿದ್ದು. ಕಿರುಬೆರಳು ಪಕ್ಕದ ಬೆರಳ ಮೇಲೆ ಹತ್ತಿ ಕೂತಿರತ್ತೆ, ಚಪ್ಪಲಿ ಬೇಗ ಹೋಗಲ್ಲ. ಡ್ರೈವರು ಬೈದ. ಹಾಕೋ ಹೊತ್ತಿಗೆ ಬಸ್ಸು ಹೊರಡ್ತು, ನಾನು ಕೆಳಗೇ ಉಳಿದೆ. ತೋರಿಸೇ ಕಾಲು!"

ಹಿರಿಯರ ಮುಂದೆ, ಸರ್ಕಾರದವರ ಮುಂದೆ ಯಾರಾದರೂ ಕಾಲು ಚಾಚುತ್ತಾರಾ? ಐದು ವರ್ಷಕ್ಕೆ ಹೋದವಳಿಗೂ ಅದು ಗೊತ್ತಿತ್ತು. ತೋಯಿ ಮೊದಲು ಅಜ್ಜಿಗೆ ಕೈ ಮುಗಿದಳು, ಅಧಿಕಾರಿಗೆ ಕೈ ಮುಗಿದಳು, ನೆಲಕ್ಕೆ ಮಂಡಿಯೂರಿ ಕೂತು ಎಡಗಾಲಿನ ಬೂಟು ಬಿಚ್ಚಿದಳು. ಬೆರಳು ಹಾಗೇ ಇತ್ತು, ಪಕ್ಕದ್ದರ ಮೇಲೆ ಹತ್ತಿ ಕೂತಿತ್ತು. ಅಧಿಕಾರಿ ಬಗ್ಗಿ ನೋಡಿದ, ಬರೆದುಕೊಂಡ. ಅಜ್ಜಿಗೆ ಮರೆವು ಎಂದೂ ಬರೆದುಕೊಂಡ. ನನ್ನಿಂದ ಸಹಿ ಹಾಕಿಸಿದ. "ಇಷ್ಟು ಸಾಕು ಅಕ್ಕಾ. ಇವರ ಕೆಲಸ ಆಗತ್ತೆ."

ಮನೆ ಹೋದರೆ ಹೋಗಲಿ ಅಂದುಕೊಂಡೆ. ಆದರೆ ಅಜ್ಜಿ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ. "ತೋಯಿ, ಮನೆಗೆ ಹೋಗಣ ಬಾ," ಎಂದಳು.

"ನಾನು ಜಿಯಬ್, ಅಜ್ಜೀ."

"ಹುಚ್ಚಿ. ಜಿಯಬ್ ಎಲ್ಲಿದಾಳೆ?" ಅವಳು ಕತ್ತೆತ್ತಿ ಬಾಗಿಲ ಕಡೆ ಹುಡುಕಿ ನೋಡಿದಳು, ಅಳು ಬರುವುದರಲ್ಲಿತ್ತು.

ಒಂದು ಕಾಲಿಗೆ ಬೂಟಿಲ್ಲದೆ ನೆಲದಲ್ಲಿ ಕೂತಿದ್ದ ತೋಯಿ ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. ಆಮೇಲೆ ಮಂಡಿಯಲ್ಲೇ ಹತ್ತಿರ ಸರಿದು, ತನ್ನ ಆ ಮಗುವಿನ ಭಾಷೆಯಲ್ಲಿ, "ಇಲ್ಲಿದೀನಿ ಅಜ್ಜಿ. ಜಿಯಬ್ ನಾನು. ಬಂದೆ," ಎಂದಳು.

ಅಜ್ಜಿ ನನ್ನ ಕೈ ಬಿಟ್ಟಳು. ಎರಡೂ ಕೈಯಲ್ಲಿ ಅವಳ ಮುಖ ಹಿಡಿದುಕೊಂಡಳು. "ಬಂದ್ಯಾ ಜಿಯಬ್? ನನ್ನ ಹಿರಿ ಮೊಮ್ಮಗಳೇ, ನನ್ನ ಬಂಗಾರ, ನಿನ್ನ ನೆನೆಸ್ಕೊಳ್ದೆ ಒಂದಿನಾನೂ ಮಲಗಿಲ್ಲ ಕಣೇ ನಾನು," ಎಂದು ಗಟ್ಟಿಯಾಗಿ ಅತ್ತಳು.

ಅಜ್ಜಿ ನನ್ನ ಹೆಸರು ಹಿಡಿದು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪಿಕೊಂಡದ್ದು ಮಾತ್ರ ತೋಯಿಯನ್ನು.