ಬಂದು ಹೋಗುವವಳು

"ಏಯ್, ಒಳಗೆ ನುಗ್ಬೇಡ. ಪಾಠ ನಡೀತಿದೆ."

ಸಂಗೀತಶಾಲೆಯ ಯಜಮಾನ ಬಾಗಿಲಿಗೆ ಕೈ ಅಡ್ಡ ಇಟ್ಟಿದ್ದ. ಪಿಟೀಲಿನ ಪೆಟ್ಟಿಗೆ ಹೊತ್ತು ಎರಡು ಬಸ್ಸು ಬದಲಿಸಿ ಬಂದಿದ್ದ ಟೀಚರಿಗೆ ತಲೆಬುಡ ತಿಳಿಯಲಿಲ್ಲ.

"ನನ್ನ ಕ್ಲಾಸು ಸಾರ್. ನಾನಿಲ್ಲೇ ಇದೀನಿ. ಒಳಗೆ ಪಾಠ ಮಾಡ್ತಿರೋದು ಯಾರು?"

"ನೀನೇ," ಎಂದು ಅವನು ನಕ್ಕ.

ಅವಳು ಗಾಜಿನಲ್ಲಿ ಇಣುಕಿದಳು. ಗೋಡೆಯಗಲದ ಟೀವಿಯಲ್ಲಿ ಅವಳದೇ ಮುಖ, ಅವಳದೇ ಬೆರಳು. ಎದುರಿಗೆ ಹನ್ನೆರಡು ಮಕ್ಕಳು.

"ಈ ವಿಡಿಯೋ ಇರೋದು, ಕ್ಲಾಸಿಗೆ ಬರದ ಮಕ್ಕಳಿಗೆ ಅಂದಿದ್ರಲ್ಲಾ?"

"ಈಗ ಎಲ್ಲರಿಗೂ. ಅದಕ್ಕೆ ಬಸ್ಸು ತಪ್ಪಲ್ಲ, ಜ್ವರ ಬರಲ್ಲ, ಎದುರು ಮಾತಾಡಲ್ಲ."

"ಹದಿನಾಲ್ಕು ವರ್ಷ ಇಲ್ಲಿ ಕತ್ತೆಚಾಕರಿ ಮಾಡಿದೀನಿ."

"ಮಾಡ್ದೆ, ಆಯ್ತು. ನೀನೇನು ಇಲ್ಲಿ ನೌಕರಿಯೋಳಾ? ಬಂದು ಹೋಗೋಳು. ಮುಸುರೆ ತಿಕ್ಕೋಳ ಮಗಳನ್ನ ಟೀಚರ್ ಅಂತ ಕರೆಸಿದ್ದೇ ಹೆಚ್ಚು. ನಡಿ."

ಅವಳ ತಾಯಿ ಪಾತ್ರೆ ತೊಳೆಯುತ್ತಿದ್ದುದು ಒಬ್ಬ ಪಿಟೀಲು ವಿದ್ವಾಂಸರ ಮನೆಯಲ್ಲಿ. ಅಡುಗೆಮನೆ ಬಾಗಿಲಲ್ಲಿ ನಿಂತು ಕದ್ದು ಕೇಳಿದ ವಿದ್ಯೆ ಅವಳದು. ಹಾಗಾಗಿಯೇ ಇಸ್ತ್ರಿಯವಳ ಮಗಳು ಗುಬ್ಬಿ ತನ್ನ ಬಾಗಿಲಲ್ಲಿ ಬಂದು ನಿಂತಾಗ ಅಟ್ಟಲಿಲ್ಲ. ತಟ್ಟೆಯ ಅರ್ಧ ಊಟ ಕೊಟ್ಟಳು, ತನ್ನ ಪಿಟೀಲನ್ನೇ ಕೈಗಿಟ್ಟಳು. ಈ ವಿಡಿಯೋಗಳಿಗೆ ವರ್ಷವಿಡೀ ಕ್ಯಾಮೆರಾ ಹಿಡಿದವಳೂ ಆ ಗುಬ್ಬಿಯೇ. "ಅಕ್ಕಾ, ಇನ್ನೊಂದ್ಸಲ ನಿಧಾನಕ್ಕೆ ಬಾರಿಸಿ. ನಿಮ್ಮ ವಿದ್ಯೆ ಉಳೀಬೇಕು," ಅನ್ನುತ್ತಿದ್ದಳು. ಆ ಮಾತಿಗೆ ಉಬ್ಬಿ ಟೀಚರು ಯಾರಿಗೂ ಬಿಟ್ಟುಕೊಡದ ಬೆರಳುಗಳ ಗುಟ್ಟನ್ನೂ ಬಿಚ್ಚಿಟ್ಟಿದ್ದಳು.

ಈಗ ಯಜಮಾನನ ಹಿಂದೆ ಗುಬ್ಬಿ ನಿಂತಿದ್ದಳು. ಸೊಂಟದಲ್ಲಿ ಶಾಲೆಯ ಬೀಗದ ಕೈಗಳ ಗೊಂಚಲು.

"ನಿಂಗೆ ಗೊತ್ತಿತ್ತೇನೇ?"

ಗುಬ್ಬಿ ನೆಲ ನೋಡಿದಳು. "ನನ್ನ ಕಾಯಂ ಮಾಡಿದ್ರು ಅಕ್ಕಾ. ಅಮ್ಮನಿಗೆ ಈಗ ಇಸ್ತ್ರಿಪೆಟ್ಟಿಗೆ ಎತ್ತಕ್ಕಾಗಲ್ಲ. ನನ್ ಜಾಗದಲ್ಲಿ ನೀವಿದ್ದಿದ್ರೆ?"

"ಹೇಳ್ತಿದ್ದೆ ಕಣೇ ಮುಂಡೇದೇ. ಒಂದು ಮಾತು ಹೇಳ್ತಿದ್ದೆ."

ಒಳಗೆ ತಂತಿ ಕಿರ್ರೆಂದಿತು. ಕೊನೆಯಲ್ಲಿ ಕೂತ ಹುಡುಗಿಯ ಮಣಿಕಟ್ಟು ಮುದುಡಿಹೋಗಿತ್ತು. ಟೀವಿಯ ಮುಖ, "ಶಭಾಷ್, ಹಾಗೇ ಬಾರಿಸಿ," ಎಂದಿತು.

ಟೀಚರು ಯಜಮಾನನ ಕೈ ಕೊಡವಿ ಒಳಗೆ ನುಗ್ಗಿದಳು. ಹುಡುಗಿಯ ಮಣಿಕಟ್ಟು ನೆಟ್ಟಗೆ ಮಾಡಿದಳು. ಟೀವಿ ಮತ್ತೆ "ಶಭಾಷ್" ಅನ್ನುವಷ್ಟರಲ್ಲಿ ಅದರ ಪ್ಲಗ್ಗನ್ನೇ ಕಿತ್ತೆಸೆದಳು. ಮುಖ ಮಾಯವಾಯಿತು.

"ಅದಕ್ಕೆ ಕಣ್ಣಿಲ್ಲ ಮಕ್ಕಳೇ. ಕೈ ಸಡಿಲ ಬಿಡಿ. ಮೊದಲಿಂದ."

ಅವಳು ನೆಲದ ಮೇಲೇ ಕೂತು ಪೆಟ್ಟಿಗೆ ತೆರೆದಳು.

"ವಾಚ್‌ಮನ್! ಈ ಬೋಳೀನ ಎಳೆದು ಬಿಸಾಕೋ!" ಯಜಮಾನ ಅರಚಿದ. ಮೆಟ್ಟಿಲ ಮೇಲೆ ಬೂಟಿನ ಸದ್ದು. ಮಕ್ಕಳು ಒಬ್ಬೊಬ್ಬರಾಗಿ ಕಮಾನು ಎತ್ತಿದರು. "ಏ ಗುಬ್ಬಿ, ಏನು ನೋಡ್ತಿದೀಯೇ? ಪ್ಲಗ್ ಹಾಕೇ!"

ಗುಬ್ಬಿ ಗೋಡೆಯ ಬುಡದಲ್ಲಿ ಮಂಡಿಯೂರಿ ಪ್ಲಗ್ ಎತ್ತಿಕೊಂಡಳು. ಬೂಟಿನ ಸದ್ದು ಬಾಗಿಲಿಗೆ ಬಂತು. ಟೀಚರು ಕಣ್ಣೆತ್ತದೆ ಬಾರಿಸುತ್ತಿದ್ದಳು. ಪ್ಲಗ್ ಹಿಡಿದ ಗುಬ್ಬಿಯ ಬಲಗೈ ತೂತಿನೆದುರೇ ನಿಂತಿತ್ತು. ಎಡಗೈಯ ಬೆರಳುಗಳು ಮಾತ್ರ, ಅವಳಿಗೇ ತಿಳಿಯದಂತೆ, ಕರಿ ವೈರಿನ ಮೇಲೆ ಸ್ವರ ಒತ್ತುತ್ತಿದ್ದವು.