ಸೋಪು ಕರಗಿದ ಮೇಲೆ ಸೋಡಾ

ಅಂಗಡಿಯ ಸೋಪಿನ ಪುಡಿಗೆ ಇನ್ನು ತನ್ನ ಮನೆಯ ಹೊಸ್ತಿಲು ದಾಟುವ ಯೋಗವಿಲ್ಲ ಎಂದು ಸೊಸೆ ತೀರ್ಮಾನಿಸಿದ್ದಳು. ಗಂಡನ ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಂತು ಮೂರು ತಿಂಗಳಾಗಿತ್ತು. ಕೈ ಬಿಗಿ ಹಿಡಿಯಬೇಕು, ಸರಿ. ಆದರೆ ದಿನಕ್ಕೆ ಮೂರು ಸಲ ಚಾದರ ಬದಲಾಯಿಸುವ ಮನೆಯಲ್ಲಿ ಒಗೆಯುವುದನ್ನು ಕಡಿಮೆ ಮಾಡುವುದು ಹೇಗೆ? ಪಕ್ಕದ ಮನೆಯ ಟೀಚರ್ ಒಂದು ಚೀಟಿ ಬರೆದುಕೊಟ್ಟಿದ್ದರು: ಎರಡು ಬಾರ್ ಸೋಪು, ಒಂದು ಬಟ್ಟಲು ಒಗೆಯುವ ಸೋಡಾ, ಒಂದು ಬಕೆಟ್ ನೀರು, ಮನೆಯಲ್ಲೇ ಮಾಡಿಕೊಂಡರೆ ಖರ್ಚು ಕಾಲು ಭಾಗ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮಾತ್ರ ಬರೆದಿರಲಿಲ್ಲ. ಟೀಚರುಗಳೂ ಮನುಷ್ಯರೇ.

ಒದ್ದೆಯಾಗುತ್ತಿದ್ದ ಚಾದರ ಅತ್ತೆಯದು. ಅತ್ತೆ ಮೂವತ್ತು ವರ್ಷ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದವರು, ಕೊನೆಕೊನೆಗೆ ಅಲ್ಲಿನ ಯಜಮಾನಿಯೇ ಆಗಿದ್ದವರು. ಈಗ ಅವರ ನೆನಪು ಮಾಸುತ್ತಾ ಬಂದಿತ್ತು. ಊಟ ಮಾಡಿದ್ದು ಮರೆತುಹೋಯಿತು, ಮಗನ ಮುಖ ಮರೆತುಹೋಯಿತು. ಆರು ತಿಂಗಳ ಹಿಂದೆ ಸೊಸೆಯ ಹೆಸರೂ ಹೋಯಿತು.

ಹೆಸರೆಂದರೆ ಹೆತ್ತವರು ಇಟ್ಟದ್ದಲ್ಲ, ಅತ್ತೆ ಇಟ್ಟದ್ದು: ಚೂಟಿ. ಮದುವೆಯಾಗಿ ಬಂದ ವಾರದಲ್ಲೇ ಸೊಸೆ ಒಲೆಯ ಮುಂದೆ ನಿಂತು, ಎರಡು ಕಣ್ಣೂ ಬಿಟ್ಟುಕೊಂಡೇ ಹಾಲು ಉಕ್ಕಿಸಿದ್ದಳು. 'ಆಹಾ, ಎಂಥ ಚೂಟಿ!' ಎಂದು ಅತ್ತೆ ನಕ್ಕರು, ಹೆಸರು ಅಂಟಿಕೊಂಡಿತು. ತಾಯಿಯ ಮುಖ ನೋಡದೆ ಬೆಳೆದ ಹುಡುಗಿ ಅವಳು. ಅಷ್ಟು ಸಲಿಗೆಯಿಂದ ಅವಳನ್ನು ಆಡಿಕೊಂಡವರು ಅದುವರೆಗೆ ಯಾರೂ ಇರಲಿಲ್ಲ. ಇನ್ನೊಂದೇ ಒಂದು ಸಲ ಅತ್ತೆ ಹಾಗೆ ಕರೆಯಲಿ ಎಂದು ಅವಳು ಏನೇನು ಮಾಡಿದಳು! ಬೇಕೆಂದೇ ಎರಡು ಸಲ ಹಾಲು ಉಕ್ಕಿಸಿದಳು. 'ಒಲೆ ಕಡೆ ನೋಡ್ಕೊಳ್ಳಿ ಅಮ್ಮಾ, ಯಾರು ನೀವು?' ಎಂದಿದ್ದರು ಅತ್ತೆ. ಆ ಮರ್ಯಾದೆ ಅವಳ ಕರುಳಿಗೆ ಚುಚ್ಚಿತ್ತು.

ಆ ಮಧ್ಯಾಹ್ನ ಅವಳು ಹಿತ್ತಲಲ್ಲಿ ಸ್ಟೌ ಹಚ್ಚಿ, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಸೋಪು ತುರಿಯಲು ಕುಳಿತಳು. ತುರಿ ಸುರುಳಿ ಸುರುಳಿಯಾಗಿ ಬಿದ್ದು ತಟ್ಟೆ ತುಂಬಿತು. ಕಾದ ನೀರಿಗೆ ಅದನ್ನು ಸುರಿದಾಗ ಹಬೆ ಎದ್ದಿತು. ತಂತಿಯ ಮೇಲಿನ ಬಿಳಿ ಚಾದರಗಳು ಗಾಳಿಗೆ ಮೆಲ್ಲಗೆ ಉಬ್ಬಿ, ಹಿತ್ತಲ ಗೋಡೆಯನ್ನೂ ಪಕ್ಕದ ಮನೆಯನ್ನೂ ಅರ್ಧ ಆಕಾಶವನ್ನೂ ಮರೆಮಾಡಿದವು. ಬಿಸಿಲು, ಹಬೆ, ಬಿಳುಪು ಬಿಟ್ಟರೆ ಅಲ್ಲಿ ಬೇರೇನೂ ಉಳಿಯಲಿಲ್ಲ. ಯಾವ ಹೂವಿನ ಪರಿಮಳವೂ ಬೆರೆಯದ ಬರೀ ಸೋಪಿನ ವಾಸನೆ ಹಿತ್ತಲಿಡೀ ಹರಡಿತು. ಅವಳು ಸೋಡಾದ ಬಟ್ಟಲೆತ್ತಿ ಪಾತ್ರೆಗೆ ಬಗ್ಗಿಸುವಷ್ಟರಲ್ಲಿ ಒಂದು ಕೈ ಅವಳ ಮಣಿಕಟ್ಟನ್ನು ಹಿಡಿಯಿತು.

"ಸೋಪು ಕರಗೋಕೆ ಮೊದ್ಲೇ ಸೋಡಾ ಹಾಕ್ತಾರೇನೇ? ಗಂಟುಗಂಟಾಗಿ ಕೂತ್ಕೊಳ್ಳುತ್ತೆ. ನಿನ್ನನ್ನ ಕೆಲಸಕ್ಕೆ ಸೇರಿಸ್ಕೊಂಡಿದ್ದು ಯಾರೇ?"

ಅತ್ತೆ ಎದ್ದು ನಿಂತಿದ್ದರು. ಬೆನ್ನು ನೆಟ್ಟಗಾಗಿತ್ತು.

"ಅತ್ತೇ..."

"ಯಾರೇ ನಿನಗೆ ಅತ್ತೆ? ಇಲ್ಲಿ ಎಲ್ರೂ ದೊಡ್ಡಕ್ಕ ಅಂತಾರೆ. ಏಪ್ರನ್ ಕಟ್ಕೊಂಡು ಕೋಲು ತಗೋ."

ಸೊಸೆ ತೆಪ್ಪಗೆ ಏಪ್ರನ್ ಕಟ್ಟಿಕೊಂಡಳು. ಗುರುತು ಸಿಗಲಿಲ್ಲ, ನಿಜ. ಆದರೆ 'ನೀವು' ಹೋಗಿ 'ನೀನು' ಬಂದಿತ್ತಲ್ಲ, ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅವಳು ಕಲಕಿದಳು. ಅತ್ತೆ ಕೋಲಿನ ತುದಿಯ ಹನಿಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದರು.

"ಜಾರಬೇಕು, ಅಂಟಬಾರದು. ಹಾಂ, ಈಗ ಸೋಡಾ ಹಾಕು. ನಿಧಾನ! ಯಾವ ರೋಗಿಯೂ ನಿನ್ನ ಚಾದರ ಕೇಳ್ಕೊಂಡು ಎದ್ದು ಓಡಿ ಬರಲ್ಲ."

ನೀರು ಹಾಲಿನ ಬಣ್ಣಕ್ಕೆ ತಿರುಗಿ ಮೆಲ್ಲಗೆ ಮಂದವಾಗತೊಡಗಿತು. ಸೊಸೆ ಕೋಲು ತಿರುಗಿಸುತ್ತಲೇ ಇದ್ದಳು. ತಾನೂ ಆ ಕೋಣೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಹಾಗೆ ಅವಳಿಗೆ ಅನಿಸತೊಡಗಿತ್ತು.

"ಗಂಟೆ ಎಷ್ಟಾಯ್ತೇ?"

"ಮೂರು, ದೊಡ್ಡಕ್ಕ."

"ಅಯ್ಯೋ, ನಾನು ಹೊರಡ್ಬೇಕು. ಮನೇಲಿ ನಮ್ಮ ಚೂಟಿ ಕಾಯ್ತಾ ಕೂತಿರ್ತಾಳೆ. ನಾನು ಹೋಗೋವರೆಗೂ ಒಂದು ತುತ್ತು ಬಾಯಿಗಿಡಲ್ಲ, ಪೆದ್ದಿ."

ಕೋಲು ನಿಂತಿತು. ಆರು ತಿಂಗಳು ಕಾದ ಹೆಸರು ಬಂದಿತ್ತು, ಆದರೆ ಎಲ್ಲೋ ಇನ್ನೊಂದು ಮನೆಯಲ್ಲಿ ಹಸಿದು ಕೂತವಳಿಗೆ. 'ಅತ್ತೇ, ನಾನೇ ನಿಮ್ಮ ಚೂಟಿ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹಿಂದೊಮ್ಮೆ ಗಂಡ 'ನಾನೇ ನಿನ್ನ ಮಗ ಕಣಮ್ಮಾ' ಎಂದು ಹಟ ಹಿಡಿದಾಗ ಅತ್ತೆ ಗಡಗಡ ನಡುಗಿ, ಸಂಜೆಯವರೆಗೂ ಅತ್ತಿದ್ದರು. ಸೊಸೆ ಮಾತನ್ನು ನುಂಗಿಕೊಂಡಳು. ಕಣ್ಣೀರನ್ನು ನುಂಗುವುದಾಗಲಿಲ್ಲ.

"ಯಾಕೇ ಅಳ್ತೀಯಾ?"

"ಹಬೆ, ದೊಡ್ಡಕ್ಕ. ನೀವು ಹೊರಡಿ, ಉಳಿದಿದ್ದು ನಾನು ನೋಡ್ಕೋತೀನಿ."

ಹಿತ್ತಲ ಬಾಗಿಲನ್ನು ಅವಳೇ ತೆರೆದಳು. ಅಲ್ಲಿಂದ ಗೋಡೆಯ ಪಕ್ಕದಲ್ಲೇ ಬಳಸಿ ಬಂದರೆ ಮುಂಬಾಗಿಲಿಗೆ ಇಪ್ಪತ್ತು ಹೆಜ್ಜೆ. ಬಳಸದೆ ನೇರ ನಡೆದರೆ ದೊಡ್ಡ ರಸ್ತೆ. ಅತ್ತೆ ಈಗಾಗಲೇ ಎರಡು ಸಲ ಹಾಗೆ ಹೋಗಿ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ಅತ್ತೆ ಹೊರಬಿದ್ದೊಡನೆ ಸೊಸೆ ಸ್ಟೌ ಆರಿಸಿ, ಏಪ್ರನ್ ಕಿತ್ತೆಸೆದು, ಅಡುಗೆಮನೆ ದಾಟಿ, ಮಂಚಕ್ಕೆ ಮಂಡಿ ಹೊಡೆಸಿಕೊಂಡು ಓಡಿದಳು. ಮುಂಬಾಗಿಲ ಹಿಂದೆ ನಿಂತು ಮುಖ ಒರೆಸಿಕೊಂಡಳು. ಹೊರಗೆ ಸದ್ದಿಲ್ಲ. ಇಪ್ಪತ್ತು ಹೆಜ್ಜೆ ಎಣಿಸಿದಳು, ಮೂವತ್ತಾಯಿತು. ಎಂಥ ಹುಚ್ಚು ಕೆಲಸ ಮಾಡಿಬಿಟ್ಟೆ ಎಂದುಕೊಂಡು ಅವಳು ಚಿಲಕಕ್ಕೆ ಕೈ ಹಾಕಿದಳು.

ಟಕ್, ಟಕ್. ಕೆಲಸದಿಂದ ಬಂದಾಗ ಅತ್ತೆ ಯಾವಾಗಲೂ ಬಡಿಯುತ್ತಿದ್ದ ಹಾಗೆ, ಎರಡೇ ಸಲ.

"ಬಂದ್ರಾ ಅತ್ತೆ?"

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬಂದೆ ಕಣೇ ಚೂಟಿ. ಇನ್ನೂ ಊಟ ಮಾಡಿಲ್ಲ ಅಲ್ವಾ ನೀನು?"

"ಇಲ್ಲ ಅತ್ತೆ," ಎಂದಳು. ಇಬ್ಬರ ಊಟವೂ ಹನ್ನೆರಡೂವರೆಗೇ ಮುಗಿದಿತ್ತು. ಆದರೂ ಎರಡು ತಟ್ಟೆ ಹಾಕಿದಳು, ಇಬ್ಬರೂ ಎದುರುಬದುರು ಕೂತು ಮತ್ತೊಮ್ಮೆ ಊಟ ಮಾಡಿದರು. ಅತ್ತೆ ನಾಲ್ಕು ತುತ್ತು ತಿಂದು ನೀರು ಕುಡಿದರು.

"ಇವತ್ತು ಒಬ್ಬಳು ಹೊಸ ಹುಡುಗಿ ಬಂದಿದ್ದಾಳೆ ಕೆಲಸಕ್ಕೆ. ಏನೂ ಬರಲ್ಲ, ಥೇಟ್ ನಿನ್ನ ಹಾಗೇ. ನಿಂತಲ್ಲೇ ಅಳ್ತಿದ್ಲು ಪಾಪ. ಮನೇಲಿ ಯಾರೂ ಇಲ್ವೇನೋ. ನಾಳೆ ಅವಳಿಗೂ ಒಂದು ಡಬ್ಬಿ ಊಟ ಕಟ್ಟಿಕೊಡು."

"ಕಟ್ತೀನಿ ಅತ್ತೆ," ಎಂದಳು ಚೂಟಿ.